ಲೈನ್ ಬಿಡಬ್ಯಾಡ್ರಿ...

ಫಕೀರೇಶನಿಗೆ ಯಾವ ಕೆಲಸ ಸಿಕ್ಕರೂ ಖುಷಿ ಮೂರೇ ತಿಂಗಳು...

ಮೊಬೈಲ್ ಅಂಗಡಿ, ಕೊರಿಯರ್ ಆಫೀಸು, ಇನ್ಶೂರೆನ್ಸ್, ಪೈಪ್ ಫ್ಯಾಕ್ಟರಿ... ಎಲ್ಲ ಕಡೆಯೂ ಅದೇ ಕಥೆ. ಮೊದಮೊದಲು ಹುರುಪು. ಆಮೇಲೆ ಮನೆಯಿಂದ ಹೊರಡುವುದಕ್ಕೇ ಮನಸ್ಸಿಲ್ಲ.

ಹುಬ್ಬಳ್ಳಿಯಲ್ಲಿ ಲಿಫ್ಟ್ ಮೆಕ್ಯಾನಿಕ್ ಕೆಲಸ ಅವನ ಐದನೆಯದು. ಬೇಸರವನ್ನು ಹೇಗೋ ನುಂಗಿಕೊಂಡು ಎರಡು ವರ್ಷ ತಳ್ಳಿದ್ದ.

ಅವತ್ತು ಬೆಳಗ್ಗೆ ಹೆಂಡತಿ ರೇಣವ್ವ ಚಹಾ ಕೊಡುತ್ತಾ ಕೇಳಿದಳು, "ಮತ್ತ ಅದ ಮಾರಿ ಮಾಡೀರಲ್ರೀ... ಆರನೇ ಕೆಲಸ ಹುಡುಕಾಕತ್ತೀರೇನು?"

"ಎಲ್ಲಾರಿಗೂ ಅವರವರ ಕೆಲಸದಾಗ ಖುಷಿ ಐತಿ. ನನಗಷ್ಟ ಯಾಕ ನಿಲ್ಲವಲ್ದು?" ಎಂದ.

ಹನ್ನೊಂದು ಗಂಟೆಗೆ ಸೂಪರ್‌ವೈಸರ್‌ಗೆ ಫೋನ್ ಮಾಡಿ ಹೇಳಿಯೇಬಿಟ್ಟ... "ಸರ್, ಈ ತಿಂಗಳು ಮುಗದ ಮ್ಯಾಲೆ ನಾ ಬರೂದಿಲ್ಲ."

"ಅದನ್ನ ಆಮ್ಯಾಲೆ ಮಾತಾಡೋಣು. ಈಗ ಕೇಶ್ವಾಪುರಕ್ಕ ಓಡು! ಕರೆಂಟ್ ಹೋಗಿ ಲಿಫ್ಟ್ ನಡುವ ನಿಂತೈತಿ. ಒಳಗ ವಯಸ್ಸಾದ ಅಮ್ಮಾರು ಒಬ್ಬರ ಅದಾರ. ದಮ್ಮಿನ ತೊಂದ್ರಿ ಐತಂತ!"

ಫಕೀರೇಶ ತಲುಪಿದಾಗ ನಾಲ್ಕನೇ ಮಹಡಿಯಲ್ಲಿ ಜನ ಸೇರಿದ್ದರು. ನೆರೆಮನೆಯ ಬಸವಂತಪ್ಪ ಒಂದು ಕೈಯಲ್ಲಿ ಇನ್‌ಹೇಲರ್, ಇನ್ನೊಂದು ಕೈಯಲ್ಲಿ ಕಬ್ಬಿಣದ ರಾಡ್ ಹಿಡಿದು ಬಾಗಿಲು ಮೀಟುತ್ತಿದ್ದ.

"ಒಳಗ ಕಾಶೀಬಾಯಿ ಅಮ್ಮಾರು ಅದಾರ್ರೀ. ಇನ್‌ಹೇಲರ್ ತಂದೀನಿ, ಕೊಡಾಕ ದಾರಿನ ಇಲ್ಲ!"

"ರಾಡ್ ಕೆಳಗ ಇಡ್ರಿ! ಸಂದಿನ್ಯಾಗಿಂದ ಎಳ್ಯಾಕ ಹೋದ್ರ ಕೆಳಗ ಬೀಳತಾರ!"

ಇನ್‌ಹೇಲರನ್ನು ಪಕ್ಕದಲ್ಲಿದ್ದ ಹೆಂಗಸಿನ ಕೈಗೆ ಕೊಡಿಸಿ, ಬಾಗಿಲ ಬಳಿಯೇ ನಿಲ್ಲಲು ಹೇಳಿದ. ಬಸವಂತಪ್ಪನಿಂದ ಕಾಶೀಬಾಯಿಯ ನಂಬರ್ ಪಡೆದು ಫೋನ್ ಹಚ್ಚಿ, ಸ್ಪೀಕರ್ ಹಾಕಿ ಜೇಬಿಗಿಟ್ಟ.

"ಅಮ್ಮಾರ, ನಾ ಲಿಫ್ಟ್ ಮೆಕ್ಯಾನಿಕ್ಕು. ಲೈನ್ ಬಿಡಬ್ಯಾಡ್ರಿ... ನಾ ಇಲ್ಲೇ ಅದೀನಿ."

"ಹ್ಞೂಂ..." ಅಷ್ಟೇ. ಹಿಂದೆಯೇ ಉದ್ದನೆಯ ಗೊರಗೊರ ಸದ್ದು.

ಬಸವಂತಪ್ಪನನ್ನು ಕರೆದುಕೊಂಡು ಟೆರೇಸಿಗೆ ಓಡಿದ. ಅಲ್ಲಿನ ಮಷೀನ್ ರೂಮ್ ಬಿಸಿಲಿಗೆ ಕಾದು ಕೆಂಡವಾಗಿತ್ತು. ಒಬ್ಬರು ಬ್ರೇಕ್ ಲಿವರ್ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರ ತಿರುಗಿಸಿ ಲಿಫ್ಟನ್ನು ಕೈಯಿಂದಲೇ ಸರಿಸಬೇಕು. ನಡುವೆ ಕರೆಂಟ್ ಬಂದರೂ ಲಿಫ್ಟ್ ಅಲುಗದಂತೆ ಫಕೀರೇಶ ಮೇನ್ ಆಫ್ ಮಾಡಿ, ಲಿವರನ್ನು ಬಸವಂತಪ್ಪನ ಕೈಗೆ ಕೊಟ್ಟ.

"ನಾ 'ಬಿಡ್ರಿ' ಅಂದ ಕೂಡಲೇ ಬಿಡಬೇಕು. ಬಿಟ್ರ ಬ್ರೇಕ್ ಹಿಡೀತೈತಿ, ತಡಾ ಆದ್ರ ಲಿಫ್ಟ್ ಕೈ ಮೀರತೈತಿ."

ಚಕ್ರ ಬಿಗಿಯಾಗಿತ್ತು. ಕಾಲು ಸುತ್ತು... ಬಿಡ್ರಿ. ಮತ್ತೆ ಕಾಲು ಸುತ್ತು... ಬಿಡ್ರಿ. ಅಂಚು ತಾಗಿ ಅಂಗೈ ಹರಿಯಿತು.

"ಅಮ್ಮಾರ, ಕೇಳಸಾಕತ್ತೈತಿಲ್ಲ?"

ಉತ್ತರವಿಲ್ಲ.

"ಅಮ್ಮಾರ?!"

ಗೊರಗೊರ ಸದ್ದೂ ನಿಂತುಹೋಯಿತು...

ಬಸವಂತಪ್ಪ ಫಕೀರೇಶನ ಜೇಬಿನತ್ತ ತಿರುಗಿದ. "ಹೋಗಿಬಿಟ್ರೇನ್ರೀ?"

"ಲಿವರ್ ಗಟ್ಟಿ ಹಿಡೀರಿ!"

ಸದ್ದಿಲ್ಲದ ಫೋನಿಗೇ ಫಕೀರೇಶ ಮಾತಾಡುತ್ತಾ ಹೋದ. "ಇನ್ನ ಎರಡು ಅಡಿ ಅಮ್ಮಾರ... ಲೈನ್ ಬಿಡಬ್ಯಾಡ್ರಿ... ಒಂದು ಅಡಿ... ನಾ ಇಲ್ಲೇ ಅದೀನಿ..." ಅವನ ದನಿ ಅವನಿಗೇ ಗುರುತು ಸಿಗದಷ್ಟು ಒಡೆದಿತ್ತು.

ನಾಲ್ಕನೇ ಮಹಡಿಯನ್ನು ಸೂಚಿಸುವ, ಲಿಫ್ಟ್ ಹಗ್ಗದ ಮೇಲಿನ ಹಳದಿ ಗುರುತು ಸರಿಯಾದ ಜಾಗಕ್ಕೆ ಬಂತು. ಮೆಟ್ಟಿಲು ಹಾರಿ ಇಳಿದು ಕೀಲಿ ಹಾಕಿ ಬಾಗಿಲು ತೆಗೆದ.

ಕಾಶೀಬಾಯಿ ಮೂಲೆಯಲ್ಲಿ ಕುಸಿದು ಕೂತಿದ್ದರು. ಕಣ್ಣು ಮುಚ್ಚಿತ್ತು, ಉಸಿರು ಕೇಳಿಸದಷ್ಟು ಸಣ್ಣಗಾಗಿತ್ತು. ಫೋನ್ ಮಾತ್ರ ಕಿವಿಗೆ ಒತ್ತಿಕೊಂಡೇ ಇತ್ತು.

ಬಾಗಿಲ ಬಳಿ ಕಾಯುತ್ತಿದ್ದ ಹೆಂಗಸು ಇನ್‌ಹೇಲರ್ ಬಾಯಿಗಿಟ್ಟು ಒತ್ತಿದಳು. ಒಂದು ಸಲ... ಎರಡು ಸಲ... ಮೂರನೇ ಸಲಕ್ಕೆ ಎದೆ ಏರಿತು. ಕಣ್ಣು ಬಿಟ್ಟರು.

ಸ್ವಲ್ಪ ಹೊತ್ತಿನ ಮೇಲೆ, ಅವರ ಮನೆಯಲ್ಲಿ ಕುರ್ಚಿಗೆ ಒರಗಿ ಕೂತಿದ್ದ ಕಾಶೀಬಾಯಿ ಫಕೀರೇಶನ ಕೈ ಹಿಡಿದು ಅಳತೊಡಗಿದರು.

"ಅಂಜಿದ್ರೇನ್ರೀ ಅಮ್ಮಾರ?"

ಅಲ್ಲವೆಂದು ತಲೆಯಾಡಿಸಿದರು. "ನಾ ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗ ಮೂವತ್ತೊಂದು ವರ್ಷ ಆಪರೇಟರ್ ಇದ್ದೆ ತಮ್ಮಾ. ದಿನಾ ನೂರಾರು ಮಂದಿಗೆ ಅದನ್ನ ಹೇಳೂದು... 'ಲೈನ್ ಬಿಡಬ್ಯಾಡ್ರಿ, ನಾ ಇಲ್ಲೇ ಅದೀನಿ.' ಇದೂ ಒಂದು ಕೆಲಸ ಏನು ಅಂತ ಬೈಕೋತಿದ್ದೆ. ರಿಟೈರ್ ಆದ ದಿನ ಹಾರ ಹಾಕಿದ್ರು... ಜೀವನದಾಗ ನಾ ಏನೂ ಮಾಡ್ಲಿಲ್ಲಲ್ಲ ಅಂತ ಮನಿಗೆ ಬಂದು ಅತ್ತಿದ್ದೆ."

ಉಸಿರು ಎಳೆದುಕೊಂಡರು.

"ಇವತ್ತ ಆ ಮಾತು ನೀ ನನಗ ಹೇಳಿದಿ. ಉತ್ತರ ಕೊಡಾಕ ದಮ್ಮಿರಲಿಲ್ಲ... ಆದ್ರ ಆ ಮಾತಿಗೇ ಜೋತುಬಿದ್ದು ಜೀವ ಹಿಡಕೊಂಡೆ. ಆ ಕಡೆ ಇದ್ದವ್ರಿಗೆ ನನ್ನ ಮಾತು ಏನಾಗಿತ್ತು ಅಂತ... ನನಗ ಇವತ್ತ ಗೊತ್ತಾತು ತಮ್ಮಾ."

ಫಕೀರೇಶ ಕುರ್ಚಿಯ ಪಕ್ಕ ನೆಲಕ್ಕೆ ಕೂತ. "ಅಮ್ಮಾರ... ನಾ ಕೆಲಸ ಬಿಡತೀನಿ ಅಂತ ಹೇಳಿ ಇಲ್ಲಿಗೆ ಬಂದೀನ್ರೀ. ನನಗ ಖುಷಿ ನಿಲ್ಲೂದ ಇಲ್ಲ."

"ಇವತ್ತಿಂದೂ ನಿಲ್ಲೂದಿಲ್ಲ. ನಾಲ್ಕು ದಿನದಾಗ ಹೋಗತೈತಿ," ಎಂದರು ಕಾಶೀಬಾಯಿ. "ಖುಷಿ ಹೋತು ಅಂತ, ಮಾಡಿದ ಕೆಲಸ ಸುಳ್ಳಾಗತೈತೇನು?"

ಅಷ್ಟರಲ್ಲಿ ಸೂಪರ್‌ವೈಸರ್ ಫೋನ್. "ಎಲ್ಲಾ ಆತಿಲ್ಲ? ವಿದ್ಯಾನಗರದಾಗ ಒಂದು ಲಿಫ್ಟಿನ ಫ್ಯಾನ್ ತಿರುಗವಲ್ದಂತ. ಹೋಗತೀಯೋ... ಬ್ಯಾರೆಯವ್ರನ್ನ ಕಳಸ್ಲೋ?"

ಫಕೀರೇಶ ಅಂಗೈಗೆ ಕರ್ಚೀಫು ಸುತ್ತಿಕೊಂಡ. "ಅಡ್ರೆಸ್ ಕಳಸ್ರೀ ಸರ್."

ಐದನೇ ದಿನ ಆ ಖುಷಿ ನಿಜಕ್ಕೂ ಕರಗಿತ್ತು... ಈ ಸಲ ಅವನು ಗಾಬರಿಯಾಗಲಿಲ್ಲ. ಕೆಲಸಕ್ಕೆ ಹೋದ.

*

ನಮ್ಮ ಕೆಲಸದ ಬೆಲೆ ಬಹಳ ಸಲ ಆ ಕಡೆ ಇರುವವರಿಗೆ ಮಾತ್ರ ಗೊತ್ತಿರುತ್ತದೆ... ಅವರು ಬಂದು ಹೇಳುವುದಿಲ್ಲ, ಅಷ್ಟೇ.

ಇವತ್ತು ನಿಮ್ಮ ಕೆಲಸದ ಆ ಕಡೆ ಯಾರಿದ್ದರು... ಒಮ್ಮೆಯಾದರೂ ಯೋಚಿಸಿದ್ದೀರಾ?