ಫ್ಯಾನಿನೊಳಗಿನ ಕುಂಕುಮ

ರಿಪೇರಿ ಅಂಗಡಿಯ ಯುವರಾಜ್ ಪವರ್ ಬಟನ್ ಒತ್ತಿದ್ದು ಅದು ಸಾವಿರದ ಒಂದನೇ ಸಲ. ನಾನು ಕಮ್ಮಿ ಮಾಡಿಯೇ ಹೇಳ್ತಿದ್ದೀನಿ. ಒಂಬತ್ತು ದಿನ ಆ ಹಳೇ ಲ್ಯಾಪ್‌ಟಾಪಿನ ಮುಂದೆ ಬಗ್ಗಿ ಬಗ್ಗಿ ಅವನ ಬೆನ್ನು ಕುಡುಗೋಲಾಗಿತ್ತು. ಮಧುಗಿರಿ ಬೆಟ್ಟಕ್ಕಿಂತ ಒಂದೇ ಒಂದು ಕೆ.ಜಿ. ಹಗುರವಿದ್ದ ಅದನ್ನು ಕೊಳಾಲದಿಂದ ಬಸ್ಸಿನಲ್ಲಿ ಹೊತ್ತು ತಂದಿದ್ದ ದಾಸಮ್ಮ ಎದುರಿನ ಸ್ಟೂಲಿನ ಮೇಲೆ ಕೂತಿದ್ದರು.

"ಮೊಮ್ಮಗಳ ಮದುವೆ ನಾಳಿದ್ದು ಕಣಪ್ಪ. ನಮ್ಮವ್ವ ಹಾಡಿದ್ ಸೋಬಾನೆ ಪದ ಅದ್ರೊಳ್ಗೇ ಐತೆ. ನಂಗೆ ಅರ್ಧ ಮರ್ತೋಗೈತೆ."

"ಅದ್ಸರಿ, ಹದಿನೆಂಟು ವರ್ಷ ಆಯುಧಪೂಜೇಲಿ ಇದಕ್ಕೆ ಕುಂಕುಮ ಎರಚಿದ್ದು ಯಾರಮ್ಮ?"

"ನಾನೇಯ. ಒಂದ್ ವರ್ಷಾನೂ ತಪ್ಪಿಸಿಲ್ಲ!"

ಲ್ಯಾಪ್‌ಟಾಪಿನೊಳಗಿನ ಪುಟ್ಟ ಫ್ಯಾನಿಗೆ ಮೆತ್ತಿಕೊಂಡು ಅದರ ಉಸಿರು ಕಟ್ಟಿಸಿದ್ದ ಆ ಕುಂಕುಮವನ್ನು ಯುವರಾಜ್ ಬ್ರಷ್ಷಿನಲ್ಲಿ ಕೆರೆದು ತೆಗೆದಿದ್ದ. ಇಡೀ ಕೊರಟಗೆರೆ ತಾಲ್ಲೂಕಿನ ಹೆಂಗಸರಿಗೆ ಮೂರು ದಿನ ಬೊಟ್ಟಿಡುವಷ್ಟಿತ್ತು.

ಈ ಸಲ ಫ್ಯಾನು ಗೊರಗುಟ್ಟಿತು, ಪರದೆ ಬೆಳಗಿತು. ಯುವರಾಜ್ ಹಾಡು ಹುಡುಕಿ ಒತ್ತಿದ. ಅವ್ವನ ಒಡಕು ದನಿ ಮದುವಣಗಿತ್ತಿಯನ್ನು ಹಸೆಗೆ ಕರೆಯಿತು. ದಾಸಮ್ಮನ ತುಟಿಗಳು ಅದರ ಹಿಂದೆಯೇ ಹೊರಟವು. ಮರೆತ ಸಾಲು ಬಂದಾಗ ನಿಂತು, ಕೇಳಿ, ಮತ್ತೆ ಸೇರಿಕೊಂಡವು. ಪದ ಮುಗಿದ ಮೇಲೆ ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಲೆಅಡಿಕೆ ಚೀಲದಿಂದ ಕುಂಕುಮದ ಪೊಟ್ಟಣ ಬಿಚ್ಚಿ, ದೊಡ್ಡದೊಂದು ಚಿಟಿಕೆ ತೆಗೆದು, ಲ್ಯಾಪ್‌ಟಾಪಿನತ್ತ ಕೈ ಚಾಚಿದರು.

ಯುವರಾಜ್ ಚಟ್ಟನೆ ಮತ್ತೊಮ್ಮೆ ಬಗ್ಗಿದ. ಆ ಕೈಗೂ ಲ್ಯಾಪ್‌ಟಾಪಿಗೂ ನಡುವೆ ತನ್ನ ಹಣೆಯನ್ನೇ ತಂದಿಟ್ಟು, ಕಣ್ಣು ಮುಚ್ಚಿದ.