ಬೀಗ ಹಾಕಿದ ದೇಶ

ಸೀರೆಗಳ ನಡುವಿನ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನ್ನ ಅಂಗೈ ತಣ್ಣಗಾಗುತ್ತದೆ.

ಗಲ್ಫ್ ದೇಶದ ಮುಐದರಿನ ನಮ್ಮ ಮನೆಯಲ್ಲಿ ಆ ಮಧ್ಯಾಹ್ನ ನಾನು ಶಾಲೆಯ ಪಾಠ ಓದುತ್ತಿದ್ದೆ. ಉಗಾಂಡಾ: ರಾಜಧಾನಿ ಕಂಪಾಲಾ, ಹಸಿರು ಗುಡ್ಡಗಳು, ಕಡಲಿನಂಥ ಸರೋವರ, ‘ಲ್ಯಾಂಡ್‌ಲಾಕ್ಡ್’ ದೇಶ. ನನ್ನನ್ನು ನೋಡಿಕೊಳ್ಳುತ್ತಿದ್ದ ರೋಸ್ ಆಂಟಿಯ ಊರದು. ಆಕೆ ಅಮ್ಮನ ಕಪಾಟಿನ ಮುಂದೆ ನಿಂತು, ತಾಯಿಗೆ ಕಾಯಿಲೆ, ಊರಿಗೆ ಹೋಗಬೇಕು, ತನ್ನ ಪಾಸ್‌ಪೋರ್ಟ್ ಕೊಡಿ ಎಂದು ಅಮ್ಮನೆದುರು ಅಳುತ್ತಿದ್ದಳು.

ನಾನು ಪುಸ್ತಕ ಬಿಟ್ಟು ಅಮ್ಮನ ಬಳಿ ಓಡಿದೆ. “ಅಮ್ಮಾ, ಆಂಟಿ ಹೋಗುದು ಬೇಡ! ಆ ದೇಶಕ್ಕೆ ಲಾಕ್ ಹಾಕಿದ್ದಾರೆ. ಒಳಗೆ ಹೋದವರಿಗೆ ಹೊರಗೆ ಬರ್ಲಿಕ್ಕೆ ಆಗುದಿಲ್ಲ.”

“ಲಾಕ್ ಎಂತದು ಮಗಾ, ಅಲ್ಲಿ ಕಡಲಿಲ್ಲ, ಅಷ್ಟೇ. ಹೆದರ್ಬೇಡ, ಅವಳು ಎಲ್ಲಿಗೂ ಹೋಗುದಿಲ್ಲ,” ಎಂದ ಅಮ್ಮ, ಪಾಸ್‌ಪೋರ್ಟನ್ನು ಸೀರೆಗಳ ಅಡಿಗೆ ತಳ್ಳಿ ಕಪಾಟಿನ ಬೀಗದ ಕೈ ತಿರುಗಿಸಿದಳು.

ಕಟಕ್ ಎಂದ ಸದ್ದಿಗೆ ನನಗೆ ಹೋದ ಜೀವ ಬಂದಂತಾಯಿತು. ಆಂಟಿಯ ಅಳು ಮಾತ್ರ ಥಟ್ಟನೆ ನಿಂತುಹೋಯಿತು.