ಮೂರನೇ ಸಲ ಎದ್ದಾಗ

ಬೇಸಿಗೆಯ ಒಂದು ಇಳಿಹೊತ್ತು, ಕರೆಂಟ್ ಕಾರುಗಳನ್ನು ವರ್ಷಗಟ್ಟಲೆ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಮಾವ ಮೂರನೇ ಸಲ ಕುರ್ಚಿ ಬಿಟ್ಟೆದ್ದರು. ಆಯುಷ್ಯವೆಲ್ಲ ಬಟ್ಟೆ ವ್ಯಾಪಾರ ಮಾಡಿದವರು. ಎದ್ದು ಬಾಗಿಲ ಕಡೆ ನಡೆದರೆ ದರ ತಾನಾಗಿ ಇಳಿಯುತ್ತದೆಂದು ಬಲ್ಲವರು. "ಮುಖದಲ್ಲಿ ಆಸೆ ತೋರಿಸ್ಬೇಡ" ಎಂದು ಸೊಸೆಗೆ ದಾರಿಯಲ್ಲೇ ತಾಕೀತು ಮಾಡಿದ್ದರು. ಆಕೆ ಮನೆಮನೆಗೆ ಹೋಗಿ ರೋಗಿಗಳ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸು; ಕಾರು ಬೇಕಾಗಿದ್ದು ಆ ಓಡಾಟಕ್ಕೆ. ಕಾರಿನತ್ತ ಕಣ್ಣು ಹೋಗದಂತೆ ನೆಲ ನೋಡುತ್ತ, ಚಪ್ಪಲಿಯೊಳಗೆ ಕಾಲ್ಬೆರಳು ಮಡಚಿ ಬಿಚ್ಚುತ್ತ ಕೂತಿದ್ದಳು.

"ಕೂತ್ಕೊಳ್ಳಿ ಯಜಮಾನ್ರೇ, ತಿಂಗಳ ಬಾಡಿಗೆ ಇನ್ನೂ ಇಳಿಸ್ತೀನಿ," ಎಂದ ಅಂಗಡಿಯವನು. "ವರ್ಷಕ್ಕೆ ಓಡಿಸೋ ದೂರ ಮಾತ್ರ ಇನ್ನೊಂಚೂರು ಕಮ್ಮಿ ಆಗುತ್ತೆ. ಅದನ್ನ ದಾಟಿದ್ರೆ ದಂಡ."

"ದೂರದ್ದೇನು ಬಿಡಪ್ಪ. ಸರಿಯಾಗಿ ಇಳಿಸು, ಇಲ್ಲಾಂದ್ರೆ ನಾನು ಹೊರಟೆ," ಎಂದು ಮಾವ ಬಾಗಿಲ ಕಡೆ ಹೆಜ್ಜೆ ಹಾಕಿದರು. ಅವರು ಗೆಲ್ಲುತ್ತಿದ್ದರು, ಊರಾಚೆಯ ಅವಳ ರೋಗಿಗಳ ಮನೆಗಳು ಒಂದೊಂದಾಗಿ ಕೈತಪ್ಪುತ್ತಿದ್ದವು. ಸೊಸೆ ಮಾವನ ತೋಳು ಹಿಡಿದುಬಿಟ್ಟಳು. ಹಾಗೆ ಎಂದೂ ಹಿಡಿದವಳಲ್ಲ.

"ಮಾವ, ನೀವು ಎದ್ದಾಗಲೆಲ್ಲ ನನ್ನ ದಾರಿ ಮೊಟಕಾಗ್ತಿದೆ. ಅಗ್ಗದ ಕಾರು ಮನೆ ಮುಂದೆ ನಿಂತಿದ್ರೆ ಪೂಜೆ ಮಾಡ್ಲಾ? ಮೊದಲು ಹೇಳಿದ ಬಾಡಿಗೇನೇ ಇರ್ಲಿ, ದೂರ ಜಾಸ್ತಿ ಕೇಳಿ."

ಮಾವ ತೋಳಿನ ಮೇಲಿದ್ದ ಕೈ ನೋಡಿದರು. ಹಿಂದಿರುಗಿ ಬಂದು, ಕುರ್ಚಿಗೆ ಪೂರ್ತಿ ಒರಗಿ ಕೂತರು. "ಇಷ್ಟು ಹೊತ್ತು ಗಿರಾಕಿ ಅಲ್ಲದವನ ಜೊತೆ ಗಂಟಲು ಹರ್ಕೊಂಡೆಯಲ್ಲಪ್ಪ," ಎಂದರು ಅಂಗಡಿಯವನಿಗೆ. "ಓಡಿಸೋಳು ಅವಳು. ಅವಳ ಹತ್ರ ಮಾತಾಡು."

ಸೋಮವಾರ ಬೆಳಿಗ್ಗೆ ಆಕೆ ಬಾಡಿಗೆ ಕಾರಿನಲ್ಲಿ ಊರಾಚೆಯ ರೋಗಿಗಳ ಕಡೆಗೆ ಒಬ್ಬಳೇ ಹೊರಟಳು.